ಕಿತ್ತೂರು ಸೀಮೆಯ ವೀರ ಲಾವಣಿಗಳು

ಕಿತ್ತೂರು ಸೀಮೆಯ ವೀರ ಲಾವಣಿಗಳು ಬ್ರಿಟಿಷ್ ಆಡಳಿತವನ್ನು ಎದುರಿಸಿದ ಸ್ಥಳೀಯ ವೀರರನ್ನು ಕುರಿತ ಕನ್ನಡ ಕಥನಗೀತೆಗಳು. ಇಂದಿನ ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ಭಾಗಗಳಲ್ಲಿಯೂ ಇವುಗಳಿಗೆ ಹೊಂದಿಕೊಂಡ ಖಾನಾಪುರ, ಮುಧೋಳ, ನರಗುಂದ ಪ್ರದೇಶಗಳಲ್ಲಿಯೂ ಇವು ಪ್ರಚಲಿತವಾಗಿವೆ. ಕಿತ್ತೂರು ರಾಣಿ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಮತ್ತು ನರಗುಂದದ ಬಾಬಾಸಾಹೇಬ ಇವುಗಳ ಮುಖ್ಯ ನಾಯಕರು. ಹಾಡುಗಳು ಆಧರಿಸಿರುವ ಘಟನೆಗಳು 1824ರಿಂದ 1858ರ ನಡುವೆ ನಡೆದವು.

ಈ ನಾಯಕರೆಲ್ಲರೂ ಚರಿತ್ರೆಯಲ್ಲಿ ಬದುಕಿದ್ದವರು. ಅವರು ಹೋರಾಡಿದ್ದು ಬಂದೂಕು, ಫಿರಂಗಿ ಮತ್ತು ಕಾಗದಪತ್ರಗಳುಳ್ಳ ಒಂದು ಸರಕಾರದ ವಿರುದ್ಧ. ಆದರೆ ಹಾಡಿನಿಂದ ಹಾಡಿಗೆ, ಜಾತ್ರೆಯಿಂದ ಜಾತ್ರೆಗೆ ಸಾಗುವಾಗ ಅವರ ಸುತ್ತ ಪವಾಡ, ಹರಕೆ ಮತ್ತು ದೈವತ್ವದ ನಂಬಿಕೆಗಳು ಬೆಳೆದವು. ಸರಕಾರಿ ಕಾಗದಗಳಲ್ಲಿ ದಂಗೆಕೋರರಾಗಿ ದಾಖಲಾದವರು ಜನರ ಬಾಯಲ್ಲಿ ಮನುಷ್ಯರನ್ನು ಮೀರಿದ ವೀರರಾದರು. ಈ ಹಾಡುಗಳಲ್ಲಿ ಕೆಲವನ್ನು ಮೊದಲು ಅಚ್ಚಿಗೆ ತಂದವನು ಅದೇ ಸರಕಾರದ ಸೇವೆಯಲ್ಲಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿ ಎಂಬುದು ಈ ಪರಂಪರೆಯ ಕುತೂಹಲಕರ ಸಂಗತಿ.

ಚಾರಿತ್ರಿಕ ಹಿನ್ನೆಲೆ

ಕಿತ್ತೂರು ಸಂಸ್ಥಾನವನ್ನು 1585ರಲ್ಲಿ ವಿಜಾಪುರದ ಸೈನ್ಯದಲ್ಲಿದ್ದ ಹಿರೇಮಲ್ಲಶೆಟ್ಟಿ ಮತ್ತು ಚಿಕ್ಕಮಲ್ಲಶೆಟ್ಟಿ ಎಂಬ ಸಹೋದರರು ಸಂಪಗಾವಿಯಲ್ಲಿ ಸ್ಥಾಪಿಸಿದರು. ರಾಜಧಾನಿ ಕಿತ್ತೂರಿಗೆ ಬದಲಾದದ್ದು ಆಮೇಲೆ. ದೇಸಾಯಿ ಮನೆತನದ ಪ್ರಸಿದ್ಧ ದೊರೆ ಮಲ್ಲಸರ್ಜನು ಒಂದು ಕಡೆ ಮೈಸೂರು, ಇನ್ನೊಂದು ಕಡೆ ಪೇಶ್ವೆಗಳ ಒತ್ತಡಕ್ಕೆ ಸಿಕ್ಕಿ, ಪುಣೆಯಲ್ಲಿ ಸೆರೆವಾಸ ಅನುಭವಿಸಿ, 1816ರಲ್ಲಿ ತೀರಿಕೊಂಡನು. ಕಾಕತಿಯ ದೇಸಾಯಿ ಮನೆತನದಿಂದ ಬಂದ ಚೆನ್ನಮ್ಮ ಅವನ ಕಿರಿಯ ರಾಣಿ.

ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜನು 1818ರಲ್ಲಿ ಪೇಶ್ವೆಗಳ ವಿರುದ್ಧ ಬ್ರಿಟಿಷರಿಗೆ ನೆರವು ನೀಡಿ, ಸಂಸ್ಥಾನ ತನ್ನಲ್ಲೇ ಉಳಿಯುವಂತೆ ಸನದು ಪಡೆದಿದ್ದನು. ಮುಂದಿನ ಕಲಹಕ್ಕೆ ಇದೇ ಸನದು ಬೀಜವಾಯಿತು. ಮಕ್ಕಳಿಲ್ಲದ ಅವನು 1824ರ ಸೆಪ್ಟೆಂಬರಿನಲ್ಲಿ ಸಾಯುವ ಮುನ್ನ ಮಾಸ್ತಮರಡಿಯ ಗೌಡರ ಮನೆತನದ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡನು. ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆ ಈ ದತ್ತಕವನ್ನು ಒಪ್ಪಲಿಲ್ಲ. ದತ್ತಕದ ನಿರಾಕರಣೆಯನ್ನು ಅನೇಕ ಬರಹಗಳು ಲಾರ್ಡ್ ಡಾಲ್‌ಹೌಸಿಯ ಧೋರಣೆಯೊಂದಿಗೆ ಜೋಡಿಸುತ್ತವೆ. ಆದರೆ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ಪ್ರಕರಣ ಅದಕ್ಕಿಂತ 24 ವರ್ಷ ಹಿಂದಿನದು.

1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲನ್ನು ತೆರೆಸಲು ಥ್ಯಾಕರೆ ಬಲಪ್ರಯೋಗಕ್ಕೆ ಮುಂದಾದಾಗ ಕಿತ್ತೂರಿನ ಸೈನಿಕರು ಒಳಗಿನಿಂದ ನುಗ್ಗಿ ಬಂದರು. ಥ್ಯಾಕರೆಯೂ ಬ್ಲ್ಯಾಕ್, ಸೀವೆಲ್, ಡೈಟನ್ ಎಂಬ ಸೈನ್ಯಾಧಿಕಾರಿಗಳೂ ಹತರಾದರು. ಥ್ಯಾಕರೆಯನ್ನು ಗುಂಡಿಟ್ಟು ಕೊಂದವನು ಅಮಟೂರಿನ ಬಾಳಪ್ಪನೆಂದು ಪರಂಪರೆ ಹೇಳುತ್ತದೆ. ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಸೆರೆಸಿಕ್ಕರು. ಡಿಸೆಂಬರ್ ಆರಂಭದಲ್ಲಿ ಕಮಿಷನರ್ ಚಾಪ್ಲಿನ್‌ನ ಮುಂದಾಳುತನದಲ್ಲಿ ಬಂದ ದೊಡ್ಡ ಸೈನ್ಯ ಕೋಟೆಯನ್ನು ಮುತ್ತಿ ವಶಪಡಿಸಿಕೊಂಡಿತು. ಆ ಕದನದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಸತ್ತನು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿಡಲಾಯಿತು. 1829ರ ಫೆಬ್ರವರಿಯಲ್ಲಿ ಅವಳು ಅಲ್ಲಿಯೇ ನಿಧನ ಹೊಂದಿದಳು. ಅವಳ ಸಮಾಧಿ ಬೈಲಹೊಂಗಲದಲ್ಲಿದೆ.

ಸಂಗೊಳ್ಳಿ ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿ. ಕುರುಬ ಸಮುದಾಯದ ರಾಯಣ್ಣ ಅಲ್ಲಿಯ ವಾಲೀಕಾರ ಮನೆತನದವನು. ಗ್ರಾಮಸೇವೆಗಾಗಿ ಇಂತಹ ಮನೆತನಗಳಿಗೆ ಇನಾಮು ಭೂಮಿ ಇರುತ್ತಿತ್ತು. ಕಿತ್ತೂರಿನ ಪತನದ ನಂತರ ಹೊಸ ಆಡಳಿತ ಈ ಭೂಮಿಗಳ ಮೇಲೆ ಕೈಯಿಟ್ಟಿತು. ರಾಯಣ್ಣನ ಬಂಡಾಯವನ್ನು ಕೇವಲ ರಾಣಿಯ ಮೇಲಿನ ನಿಷ್ಠೆಯಾಗಿ ನೋಡಿದರೆ ಅರ್ಧ ಕಾರಣ ಮಾತ್ರ ಸಿಗುತ್ತದೆ. ಭೂಮಿ ಕಳೆದುಕೊಂಡ ನೂರಾರು ಮನೆಗಳ ಸಿಟ್ಟು ಉಳಿದ ಅರ್ಧ. 1830ರ ಜನವರಿಯಲ್ಲಿ ಬೀಡಿಯ ಕಚೇರಿಯನ್ನು ಸುಡುವುದರೊಂದಿಗೆ ಅವನ ಹೋರಾಟ ಆರಂಭವಾಯಿತು. ದತ್ತುಪುತ್ರ ಶಿವಲಿಂಗಪ್ಪನನ್ನು ಮತ್ತೆ ಗದ್ದುಗೆಗೆ ತರುವುದು ಅದರ ಘೋಷಿತ ಉದ್ದೇಶವಾಗಿತ್ತು. ನಂದಗಡ, ಖಾನಾಪುರ, ಸಂಪಗಾವಿಗಳ ಸುತ್ತಮುತ್ತ ಕಾಡಿನ ಆಸರೆಯಲ್ಲಿ ನಡೆದ ಈ ಹೋರಾಟ ಕೆಲವೇ ತಿಂಗಳು ನಡೆಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ರಾಯಣ್ಣ ಸೆರೆಸಿಕ್ಕನು. 1831ರ ಜನವರಿ 26ರಂದು ನಂದಗಡದ ಬಳಿ ಅವನನ್ನು ಗಲ್ಲಿಗೇರಿಸಲಾಯಿತು.

ಹಾಡಿನ ಸ್ವರೂಪ

ಲಾವಣಿಯು ಮರಾಠಿ ಮತ್ತು ಕನ್ನಡ ಎರಡೂ ಭಾಷೆಗಳಲ್ಲಿ ಬೆಳೆದ ಕಥನಗೀತ ಪ್ರಕಾರ. ಪೇಶ್ವೆಗಳ ಕಾಲದಲ್ಲಿ ದಕ್ಷಿಣ ಮರಾಠಾ ಸೀಮೆ ಎನಿಸಿಕೊಂಡಿದ್ದ ಈ ಪ್ರದೇಶದಲ್ಲಿ ಎರಡು ಭಾಷೆಗಳ ಹಾಡುಗಾರರು ಒಂದೇ ಜಾತ್ರೆಯಲ್ಲಿ ಹಾಡುವುದು ಅಪರೂಪವಾಗಿರಲಿಲ್ಲ. ಲಾವಣಿಗೆ ಪಲ್ಲ, ನುಡಿ, ಏರು, ಇಳುವು ಮುಂತಾದ ಭಾಗಗಳಿರುತ್ತವೆ. ಕೊನೆಯ ನುಡಿಯಲ್ಲಿ ಕವಿ ತನ್ನ ಊರನ್ನೂ ಆ ಊರಿನ ದೇವರನ್ನೂ ನೆನೆಯುತ್ತಾನೆ. ಎಷ್ಟೋ ಲಾವಣಿಕಾರರ ಬಗೆಗೆ ನಮಗೆ ಉಳಿದಿರುವ ಚರಿತ್ರೆ ಈ ಕೊನೆಯ ನುಡಿಯಷ್ಟೇ.

ಲಾವಣಿಯಿಂದಲೇ ಬೆಳೆದ ಮೇಳಗಾಯನದ ರೂಪ ಗೀಗೀ ಪದ. ಮುಖ್ಯ ಹಾಡುಗಾರ ದಪ್ಪು ಬಡಿಯುತ್ತ ಕಥೆಯನ್ನು ಮುನ್ನಡೆಸಿದರೆ, ಹಿಂದೆ ನಿಂತವರು ತುಂತುಣಿ ಮತ್ತು ತಾಳದೊಂದಿಗೆ ಗೀಗೀ ಎಂಬ ಸೊಲ್ಲನ್ನು ಎಳೆದು ಹಾಡುತ್ತಾರೆ. ಈ ಪ್ರಕಾರಕ್ಕೆ ಹೆಸರು ಬಂದದ್ದು ಆ ಸೊಲ್ಲಿನಿಂದ. ಹರದೇಶಿ ಮತ್ತು ನಾಗೇಶಿ ಎಂಬ ಎರಡು ಪಕ್ಷಗಳಾಗಿ ಮೇಳಗಳು ರಾತ್ರಿಯಿಡೀ ಸವಾಲು ಜವಾಬು ನಡೆಸುವ ಪದ್ಧತಿಯೂ ಇದೆ. ಒಂದು ಪಕ್ಷ ಪುರುಷನ, ಇನ್ನೊಂದು ಪಕ್ಷ ಸ್ತ್ರೀಯ ಹಿರಿಮೆಯನ್ನು ಎತ್ತಿಹಿಡಿಯುತ್ತದೆ. ಚೆನ್ನಮ್ಮನಂತಹ ಕಥಾವಸ್ತು ನಾಗೇಶಿಯವರಿಗೆ ಹೇಳಿ ಮಾಡಿಸಿದಂತಹದು.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆಯ ಜಾತ್ರೆಗಳಿಗೆ ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಂದ ಅಪಾರ ಜನ ಸೇರುತ್ತಾರೆ. ಅಲ್ಲಿಯ ಪ್ರಧಾನ ಹಾಡುಗಾರಿಕೆ ಜೋಗತಿಯರ ಚೌಡಿಕೆ ಪದ. ರೇಣುಕೆಯ ತಲೆ ಕಡಿದ ಪರಶುರಾಮ, ಮತ್ತೆ ಜೀವ ಪಡೆದ ತಾಯಿ, ಇವು ಅದರ ವಸ್ತು. ಹೀಗೆ ಒಂದೇ ಸೀಮೆಯ ಕೇಳುಗರು ದೈವದ ಕಥೆಯನ್ನೂ ದಂಗೆಯ ಕಥೆಯನ್ನೂ ಒಂದೇ ಕಿವಿಯಲ್ಲಿ ಕೇಳುತ್ತ ಬಂದವರು. ವೀರ ಲಾವಣಿಗಳ ನಾಯಕರಿಗೆ ದೈವತ್ವ ಅಂಟಿಕೊಂಡ ಬಗೆಯನ್ನು ಅರಿಯಲು ಈ ನೆರೆಹೊರೆಯನ್ನು ಗಮನದಲ್ಲಿಡಬೇಕು.

ಸ್ವಾತಂತ್ರ್ಯ ಚಳವಳಿಯ ವರ್ಷಗಳಲ್ಲಿ ಗೀಗೀ ಮೇಳಗಳು ರಾಷ್ಟ್ರೀಯ ಪ್ರಚಾರದ ಸಾಧನಗಳಾದವು. ರಾಮದುರ್ಗ ತಾಲ್ಲೂಕಿನ ಹುಲಕುಂದದ ಭೀಮಕವಿಯ ಹೆಸರು ಈ ಸಂದರ್ಭದಲ್ಲಿ ಮುಖ್ಯವಾದುದು. ನೂರು ವರ್ಷ ಹಿಂದಿನ ವೀರರ ಹಾಡು ಕೇಳಲು ಕುಳಿತವರಿಗೆ ಅಂದಿನ ಸರಕಾರದ ವಿಷಯವನ್ನು ಬೇರೆಯಾಗಿ ವಿವರಿಸುವ ಅಗತ್ಯವಿರಲಿಲ್ಲ.

ಫ್ಲೀಟನ ಸಂಗ್ರಹ

ಜಾನ್ ಫೇತ್‌ಫುಲ್ ಫ್ಲೀಟ್ (1847–1917) ಮುಂಬಯಿ ಪ್ರಾಂತದ ಸಿವಿಲ್ ಸೇವೆಯಲ್ಲಿದ್ದ ಅಧಿಕಾರಿ. ಬೆಳಗಾವಿಯಲ್ಲಿ ಶಿಕ್ಷಣ ಇಲಾಖೆಯ ಕೆಲಸ ಮಾಡಿದ ಇವನು ಕನ್ನಡ ಶಾಸನಗಳ ವಿದ್ವಾಂಸನಾಗಿ ಹೆಚ್ಚು ಪ್ರಸಿದ್ಧ. ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ 1885ರಿಂದ ಮೊದಲ್ಗೊಂಡು ಇವನು ಆಯ್ದ ಕನ್ನಡ ಲಾವಣಿಗಳ ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ಕಂತುಗಳಲ್ಲಿ ಪ್ರಕಟಿಸಿದನು. ಸಂಗೊಳ್ಳಿ ರಾಯಣ್ಣನ ದಂಗೆ, ಹಲಗಲಿಯ ಬೇಡರ ದಂಗೆ, ವರಮಾನ ತೆರಿಗೆಯನ್ನು ಕುರಿತ ಹಾಡು ಮತ್ತು ಬೈಲಹೊಂಗಲದ ಸಂಗ್ಯಾನ ಕೊಲೆಯ ಹಾಡು ಅವುಗಳಲ್ಲಿ ಸೇರಿವೆ.

ಈ ಆಯ್ಕೆ ಗಮನಾರ್ಹವಾದುದು. ಎರಡು ಹಾಡುಗಳು ಸರಕಾರದ ವಿರುದ್ಧ ಆಯುಧ ಹಿಡಿದವರನ್ನು ಕುರಿತವು, ಮೂರನೆಯದು ಸರಕಾರ ಹೇರಿದ ತೆರಿಗೆಯ ಸಂಕಟದ್ದು. ಫ್ಲೀಟನು ಇವುಗಳನ್ನು ಭಾಷೆಯ ಮಾದರಿಗಳಾಗಿ ನೋಡಿದ್ದಿರಬೇಕು. ಆಡುಮಾತಿನ ಕನ್ನಡವನ್ನು ಅಚ್ಚಿನಲ್ಲಿ ಕಾಪಿಡಲು ಆಗ ಬೇರೆ ಯಾರೂ ಅಷ್ಟು ಶ್ರಮ ವಹಿಸಿರಲಿಲ್ಲ. ಸಂಗ್ಯಾನ ಹಾಡಿನ ವಸ್ತು ಬಂಡಾಯದ್ದಲ್ಲ. ಗೆಳೆಯನ ಹೆಂಡತಿ ಗಂಗೆಯನ್ನು ಮೋಹಿಸಿದ ಸಿರಿವಂತ ಸಂಗ್ಯಾ, ಅವನಿಗೆ ಜೊತೆಯಾದ ಬಾಳ್ಯಾ, ಕೊನೆಗೆ ನಡೆದ ಕೊಲೆ, ಇಷ್ಟೇ ಅದರ ಕಥೆ. ಇದೇ ಕಥೆ ಮುಂದೆ ಬೈಲವಾಡದ ಪತ್ತಾರ ಮಾಸ್ತರರು ರಚಿಸಿದರೆಂದು ಹೇಳಲಾಗುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿ ವೀರ ಲಾವಣಿಗಳಿಗಿಂತಲೂ ಹೆಚ್ಚು ಜನಪ್ರಿಯವಾಯಿತು. ಕಿತ್ತೂರು ಸೀಮೆಯ ಹಾಡುಗಾರರು ವೀರರನ್ನು ಮಾತ್ರ ಹಾಡಿದವರಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇಲ್ಲಿ ಇನ್ನೊಂದು ಸಂಬಂಧವನ್ನೂ ಹೇಳಬೇಕು. 1824ರಲ್ಲಿ ಕಿತ್ತೂರಿನ ಕೋಟೆಯಲ್ಲಿ ಸುಮಾರು ಆರು ವಾರ ಸೆರೆಯಲ್ಲಿದ್ದು, ಜೀವಸಹಿತ ಬಿಡುಗಡೆಯಾದ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ 595 ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದನು. ಚಾಲುಕ್ಯರ ಚರಿತ್ರೆಯನ್ನು ಬರೆಯುವಾಗ ಫ್ಲೀಟನು ಬಳಸಿದ್ದು ಈ ಎಲಿಯಟ್ ಸಂಗ್ರಹವನ್ನೇ. ಚೆನ್ನಮ್ಮನ ಸೈನಿಕರು ತಮ್ಮ ಕೈದಿಯನ್ನು ಕೊಲ್ಲದೆ ಉಳಿಸಿದ್ದರ ಫಲ ಕನ್ನಡ ಶಾಸನಶಾಸ್ತ್ರಕ್ಕೆ ಸಂದಿತು.

ರಾಯಣ್ಣನ ಸೆರೆ

ರಾಯಣ್ಣನ ಕಥೆಯಲ್ಲಿ ಕೇಳುಗರು ಕಾಯುವ ಸನ್ನಿವೇಶ ಅವನ ಸೆರೆ. ಸರಕಾರಿ ದೃಷ್ಟಿಯಲ್ಲಿ ಇದು ಸ್ಥಳೀಯ ಗೌಡರ ನೆರವಿನಿಂದ ನಡೆದ ಒಂದು ಕಾರ್ಯಾಚರಣೆ. ಖೋದಾನಪುರದ ಲಿಂಗನಗೌಡ ಮತ್ತು ನೇಗಿನಹಾಳದ ವೆಂಕನಗೌಡರ ಹೆಸರುಗಳು ಈ ಪ್ರಸಂಗದಲ್ಲಿ ಬರುತ್ತವೆ. ಜನರ ಕಥನದಲ್ಲಿ ಇದೇ ಘಟನೆಗೆ ಬೇರೆ ಆಕಾರವಿದೆ. ಡೋರಿ ಬೆಣಚಿಯ ಹಳ್ಳದಲ್ಲಿ ರಾಯಣ್ಣ ಸ್ನಾನಕ್ಕಿಳಿಯುವಾಗ ಖಡ್ಗವನ್ನು ನಂಬಿದವನ ಕೈಗೆ ಕೊಡುತ್ತಾನೆ. ಶತ್ರುಗಳು ಸುತ್ತುವರಿದಾಗ ಅವನು ಖಡ್ಗಕ್ಕಾಗಿ ಕೂಗುತ್ತಾನೆ. ಅದನ್ನು ಹಿಡಿದವನು ಕೊಡದೆ ಓಡುತ್ತಾನೆ.

ಈ ಕಥನದ ತರ್ಕ ಸ್ಪಷ್ಟವಾಗಿದೆ. ಖಡ್ಗ ಕೈಯಲ್ಲಿರುವವರೆಗೆ ರಾಯಣ್ಣನನ್ನು ಹಿಡಿಯಲು ಯಾರಿಂದಲೂ ಆಗದು. ಆದ್ದರಿಂದ ಖಡ್ಗವಿಲ್ಲದ ಒಂದು ಗಳಿಗೆ ಬೇಕು, ಆ ಗಳಿಗೆಯನ್ನು ಸೃಷ್ಟಿಸಲು ಒಬ್ಬ ದ್ರೋಹಿ ಬೇಕು. ಕಿತ್ತೂರಿನ ಪತನದ ಕಥೆಯಲ್ಲಿಯೂ ಇದೇ ವಿನ್ಯಾಸ ಕಾಣುತ್ತದೆ. ಅಲ್ಲಿ ಮಲ್ಲಪ್ಪಶೆಟ್ಟಿ ಮತ್ತು ವೆಂಕಟರಾಯರೆಂಬ ಒಳಗಿನ ದ್ರೋಹಿಗಳು ಬರುತ್ತಾರೆ, ಮದ್ದಿನಲ್ಲಿ ಕಲಬೆರಕೆಯಾಗುತ್ತದೆ. ಎದುರಾಳಿಯ ಫಿರಂಗಿಗಳ ಸಂಖ್ಯೆ, ಮುತ್ತಿಗೆಯ ವ್ಯವಸ್ಥೆ, ಹೊರಗಿನಿಂದ ಬಂದ ಹೆಚ್ಚುವರಿ ಪಡೆಗಳು ಸೋಲಿಗೆ ಸಾಕಷ್ಟು ಕಾರಣಗಳಾಗಿದ್ದವು. ಆದರೆ ಹಾಡು ಸೋಲನ್ನು ಶತ್ರುವಿನ ಬಲಕ್ಕೆ ಒಪ್ಪಿಸುವುದಿಲ್ಲ. ಇದರಿಂದ ವೀರನ ಗೌರವ ಉಳಿಯುತ್ತದೆ, ಜೊತೆಗೆ ಕೆಲವು ಊರು ಮತ್ತು ಮನೆತನಗಳ ಮೇಲೆ ತಲೆಮಾರುಗಳ ಕಾಲ ಅಳಿಸದ ಕಳಂಕವೂ ಉಳಿಯುತ್ತದೆ. ಈ ಎರಡನೆಯ ಪರಿಣಾಮದ ಬಗ್ಗೆ ಬರೆದವರು ಕಡಿಮೆ.

ರಾಯಣ್ಣನ ಜೊತೆಗಾರರ ಪೈಕಿ ಬಿಚ್ಚುಗತ್ತಿ ಚನ್ನಬಸಪ್ಪ ಮತ್ತು ಸಿದ್ದಿ ಸಮುದಾಯದ ಗಜವೀರ ಜನಪ್ರಿಯ ಕಥನಗಳಲ್ಲಿ ಪ್ರಮುಖರು. ಆಫ್ರಿಕಾ ಮೂಲದ ಸಿದ್ದಿಗಳು ಖಾನಾಪುರ ಮತ್ತು ಉತ್ತರ ಕನ್ನಡದ ಕಾಡಂಚಿನಲ್ಲಿ ಇಂದಿಗೂ ನೆಲೆಸಿದ್ದಾರೆ.

ಹಲಗಲಿಯ ಬೇಡರು

ಈ ಗುಂಪಿನ ಲಾವಣಿಗಳಲ್ಲಿ ಕನ್ನಡ ಓದುಗರಿಗೆ ಅತ್ಯಂತ ಪರಿಚಿತವಾದುದು ಕುರ್ತಕೋಟಿಯ ಕವಿಯ ‘ಹಲಗಲಿ ಬೇಡರು’. ಬಿ. ಎಸ್. ಗದ್ದಗಿಮಠರ ಜನಪದ ಗೀತೆಗಳ ಸಂಗ್ರಹದ ಮೂಲಕ ಅದು ಶಾಲಾ ಪಠ್ಯವನ್ನೂ ಸೇರಿದೆ. ಹಲಗಲಿ ಈಗಿನ ಬಾಗಲಕೋಟೆ ಜಿಲ್ಲೆಯ, ಅಂದಿನ ಮುಧೋಳ ಸಂಸ್ಥಾನದ ಹಳ್ಳಿ. 1857ರಲ್ಲಿ ಸರಕಾರ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ತಂದಾಗ ಇಲ್ಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವರಿಗೆ ಆಯುಧವೆಂದರೆ ಅನ್ನದ ದಾರಿ, ಜೊತೆಗೆ ಮಾನ. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13 ಮಂದಿಯನ್ನೂ ಹಲಗಲಿಯಲ್ಲಿ 6 ಮಂದಿಯನ್ನೂ ಗಲ್ಲಿಗೇರಿಸಲಾಯಿತು.

ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಈ ಲಾವಣಿಯ ನಾಯಕರು. ಇಂಗ್ಲಿಷ್ ಅಧಿಕಾರಿಗಳ ಹೆಸರುಗಳು ಇದರಲ್ಲಿ ಕನ್ನಡದ ನಾಲಿಗೆಗೆ ಒಗ್ಗಿದ ರೂಪದಲ್ಲಿ ಬರುತ್ತವೆ. ಕೆರ್ ಎಂಬವನು ಕಾರಸಾಹೇಬನಾಗಿದ್ದಾನೆ. ವೀರರ ಕಾದಾಟದ ವರ್ಣನೆ ಇದ್ದರೂ ಹಾಡಿನ ಬಲ ಇರುವುದು ಅದರ ಕೊನೆಯ ಭಾಗದಲ್ಲಿ. ಅಲ್ಲಿ ಕವಿ ದಂಡಿನವರು ಊರಿನಿಂದ ಹೊತ್ತೊಯ್ದ ವಸ್ತುಗಳನ್ನು ಪಟ್ಟಿ ಮಾಡುತ್ತಾನೆ. ಕೊಡಲಿ, ಕುಡಗೋಲು, ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಬೆಲ್ಲ, ಬೀಸುವ ಕಲ್ಲು, ಕೊನೆಗೆ ಹೆಂಗಸರ ಕೊರಳಿನ ಮಂಗಳಸೂತ್ರ. ನಂತರ ಉಳಿಯುವುದು ಗುರುತು ಸಿಗದ ಬೂದಿ. ಯಾವ ಸೇನಾ ವರದಿಯಲ್ಲಿಯೂ ಇಂತಹ ಪಟ್ಟಿ ಸಿಗುವುದು ಕಷ್ಟ. ಬಡ ಊರೊಂದರ ಅಡುಗೆಮನೆಯನ್ನು ಲೂಟಿಮಾಡಿದ ಸೈನ್ಯದ ಬಗ್ಗೆ ಕವಿ ಬೇರೆ ಟೀಕೆಯನ್ನೇನೂ ಸೇರಿಸುವುದಿಲ್ಲ. ಇಡೀ ಪರಂಪರೆಯಲ್ಲಿ ಇದು ಶ್ರೇಷ್ಠ ಭಾಗವೆಂದು ಹೇಳಬಹುದು.

ಸುರೇಬಾನದ ರಾತ್ರಿ

ನರಗುಂದದ ಅರಸ ಭಾಸ್ಕರರಾವ್ ಭಾವೆಯನ್ನು ಬಾಬಾಸಾಹೇಬನೆಂದು ಕರೆಯಲಾಗುತ್ತದೆ. ಅವನಿಗೂ ದತ್ತಕದ ಅನುಮತಿ ದೊರೆಯಲಿಲ್ಲ. ರಾಮದುರ್ಗವನ್ನು ಆಳುತ್ತಿದ್ದದ್ದು ಅದೇ ಭಾವೆ ಮನೆತನದ ಇನ್ನೊಂದು ಕವಲು. ಆದರೆ ರಾಮದುರ್ಗದ ಅರಸ ಬ್ರಿಟಿಷರ ಪಕ್ಷದಲ್ಲಿ ಉಳಿದನು. 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ರಾಮದುರ್ಗದ ಮಾರ್ಗವಾಗಿ ನರಗುಂದದ ಕಡೆಗೆ ಹೊರಟನು. ರಾಮದುರ್ಗದಲ್ಲಿ ಎಚ್ಚರಿಕೆ ದೊರೆತರೂ ಪಯಣವನ್ನು ಮುಂದುವರಿಸಿ ಸುರೇಬಾನದಲ್ಲಿ ರಾತ್ರಿ ತಂಗಿದನು. ಮೇ 29ರ ರಾತ್ರಿ ಬಾಬಾಸಾಹೇಬನ ಪಡೆ ಅಲ್ಲಿಗೆ ನುಗ್ಗಿ ಮ್ಯಾನ್ಸನ್‌ನನ್ನು ಕೊಂದಿತು. ಅವನ ತಲೆಯನ್ನು ನರಗುಂದಕ್ಕೆ ಒಯ್ದು ಕೋಟೆಯ ಬಾಗಿಲಿಗೆ ತೂಗುಹಾಕಲಾಯಿತು. ಕೆಲವೇ ದಿನಗಳಲ್ಲಿ ನರಗುಂದ ಬಿದ್ದಿತು. ತೊರಗಲ್ಲಿನ ಕಾಡಿನಲ್ಲಿ ಸೆರೆಸಿಕ್ಕ ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಸುರೇಬಾನ ಮತ್ತು ತೊರಗಲ್ಲು ಎರಡೂ ಈಗ ರಾಮದುರ್ಗ ತಾಲ್ಲೂಕಿನಲ್ಲಿವೆ.

ಬಾಬಾಸಾಹೇಬನನ್ನು ಕುರಿತೂ ಹಾಡುಗಳಿವೆ. ಆದರೆ ರಾಯಣ್ಣನಿಗೆ ದೊರೆತ ದೈವತ್ವ ಅವನಿಗೆ ದೊರೆಯಲಿಲ್ಲ. ಅರಮನೆಯ ಅರಸನಿಗಿಂತ ಹಳ್ಳಿಯ ವಾಲೀಕಾರನನ್ನು ಜನ ತಮ್ಮವನೆಂದು ಸುಲಭವಾಗಿ ಒಪ್ಪಿಕೊಂಡದ್ದು ಇದಕ್ಕೆ ಒಂದು ಕಾರಣವಿರಬಹುದು. ಚೆನ್ನಮ್ಮ ಈ ನಿಯಮಕ್ಕೆ ಹೊರತು.

ಅಲೌಕಿಕ ಅಂಶಗಳು

ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡದ ಬಳಿಯ ಸ್ಥಳದಲ್ಲಿ ಒಂದು ದೊಡ್ಡ ಆಲದ ಮರವಿದೆ. ಅವನ ಸಮಾಧಿಯ ಬಳಿ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟ ಸಸಿಯೇ ಈ ಮರವಾಯಿತೆಂದು ನಂಬಿಕೆ. ಮಕ್ಕಳಾಗಬೇಕೆಂದು ಬಯಸುವ ಹೆಂಗಸರು ಇದರ ಕೊಂಬೆಗಳಿಗೆ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ರಾಯಣ್ಣನಂತಹ ಮಗ ಹುಟ್ಟಲಿ ಎಂಬುದು ಆ ಹರಕೆಯ ಆಶಯ. ಗಲ್ಲಿನ ಸ್ಥಳವೊಂದು ಸಂತಾನ ಬೇಡುವ ಸ್ಥಳವಾಗಿ ಮಾರ್ಪಟ್ಟಿರುವುದು ಜನಪದ ಕಲ್ಪನೆಯ ಅಸಾಧಾರಣ ತಿರುವು. ಚೆನ್ನಮ್ಮನ ವಿಷಯದಲ್ಲಿ ಪವಾಡದ ಅಂಶ ಕಡಿಮೆ. ಮಲ್ಲಸರ್ಜ ತಾನು ಕೊಂದೆನೆಂದು ತಿಳಿದ ಹುಲಿಯ ಮೈಯಲ್ಲಿ ಎರಡು ಬಾಣಗಳಿದ್ದವು, ಎರಡನೆಯದು ಚೆನ್ನಮ್ಮನದು ಎಂಬ ಕಥೆ ಮಾತ್ರ ಎಲ್ಲೆಡೆ ಹರಡಿದೆ.

ರಾಷ್ಟ್ರವೀರ, ಅವನ ಖಡ್ಗ ಮತ್ತು ಅಲೌಕಿಕ ಶಕ್ತಿ ಇವುಗಳ ಕೂಟ ಕಿತ್ತೂರು ಸೀಮೆಗೆ ಮಾತ್ರ ಸೀಮಿತವಲ್ಲ. ಯಾವ ನಾಡಿನ ಅಧಿಕಾರಿಗಳ ವಿರುದ್ಧ ರಾಯಣ್ಣ ಹೋರಾಡಿದನೋ ಆ ನಾಡಿನ ಚಿತ್ರಕಥೆಗಳಲ್ಲಿ ಇದರ ಆಧುನಿಕ ರೂಪ ಕಾಣುತ್ತದೆ. ಮಾರ್ವೆಲ್ ಸಂಸ್ಥೆ 1976ರಲ್ಲಿ ಬ್ರಿಟನ್ನಿನ ಓದುಗರಿಗಾಗಿ ಆರಂಭಿಸಿದ ‘ಕ್ಯಾಪ್ಟನ್ ಬ್ರಿಟನ್’ ಚಿತ್ರಕಥೆಯ ನಾಯಕನಿಗೆ ಶಕ್ತಿ ದೊರೆಯುವುದು ಆರ್ಥರ್ ರಾಜನ ಕಥೆಗಳ ಮಾಂತ್ರಿಕ ಮರ್ಲಿನ್‌ನಿಂದ. 2008–09ರಲ್ಲಿ ಪಾಲ್ ಕಾರ್ನೆಲ್ ಬರೆದ, 15 ಸಂಚಿಕೆಗಳ ‘ಕ್ಯಾಪ್ಟನ್ ಬ್ರಿಟನ್ ಅಂಡ್ ಎಂಐ13’ ಸರಣಿಯಲ್ಲಿ ಬ್ರಿಟಿಷ್ ಸೂಪರ್‌ಹೀರೋಗಳ ಗುಂಪೊಂದು ಸರಕಾರಿ ಸೇವೆಯಲ್ಲಿದ್ದು ಡ್ರಾಕುಲಾನ ರಕ್ತಪಿಶಾಚಿಗಳ ಸೈನ್ಯವೂ ಸೇರಿದಂತೆ ಮಾಯಾವಿ ಶತ್ರುಗಳನ್ನು ಎದುರಿಸುತ್ತದೆ. ಅದರಲ್ಲಿ ಆರ್ಥರ್ ರಾಜನ ಖಡ್ಗ ಎಕ್ಸ್‌ಕ್ಯಾಲಿಬರ್ ಒಲಿಯುವುದು ಪಾಕಿಸ್ತಾನಿ ಮೂಲದ ವೈದ್ಯೆ ಫೈಜಾ ಹುಸೇನ್‌ಗೆ.

ಎರಡೂ ಪರಂಪರೆಗಳಲ್ಲಿ ಖಡ್ಗವೇ ಅರ್ಹತೆಯ ಗುರುತು. ಭೇದ ಇರುವುದು ಶತ್ರುವಿನ ಸ್ವರೂಪದಲ್ಲಿ. ಚಿತ್ರಕಥೆಯ ಶತ್ರು ಅಲೌಕಿಕನಾದವನು, ನಾಯಕರು ಸರಕಾರದ ಪರವಾಗಿರುವವರು. ಲಾವಣಿಯಲ್ಲಿ ಶತ್ರು ಅತ್ಯಂತ ಲೌಕಿಕ. ಅವನಿಗೆ ಹೆಸರಿದೆ, ಹುದ್ದೆಯಿದೆ, ಕಚೇರಿಯಿದೆ, ಲೆಕ್ಕದ ಪುಸ್ತಕವಿದೆ. ರಾಯಣ್ಣ ಮೊದಲು ಸುಟ್ಟದ್ದು ಒಂದು ಕಚೇರಿಯನ್ನು ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಚಿತ್ರಕಥೆಯ ವೀರ ಸಾಮಾನ್ಯವಾಗಿ ಸತ್ತರೂ ಮುಂದಿನ ಸಂಚಿಕೆಗಳಲ್ಲಿ ಮರಳುತ್ತಾನೆ. ಲಾವಣಿಯ ವೀರ ಗಲ್ಲಿಗೇರುತ್ತಾನೆ, ಅಲೌಕಿಕತೆ ಅವನಿಗೆ ದೊರೆಯುವುದು ಸತ್ತ ಮೇಲೆ.

ನಂತರದ ರೂಪಗಳು

ಬಿ. ಆರ್. ಪಂತುಲು ನಿರ್ದೇಶನದ ‘ಕಿತ್ತೂರು ಚೆನ್ನಮ್ಮ’ (1961) ಚಲನಚಿತ್ರದಲ್ಲಿ ಬಿ. ಸರೋಜಾದೇವಿ ಚೆನ್ನಮ್ಮನಾಗಿಯೂ ರಾಜ್‌ಕುಮಾರ್ ಮಲ್ಲಸರ್ಜನಾಗಿಯೂ ನಟಿಸಿದರು. ಹಳೆಯ ಮೈಸೂರು ಭಾಗದ ಬಹುಪಾಲು ಪ್ರೇಕ್ಷಕರಿಗೆ ಕಿತ್ತೂರಿನ ಕಥೆ ತಲುಪಿದ್ದು ಈ ಚಿತ್ರದಿಂದ. ನಾಗಣ್ಣ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ (2012) ಚಿತ್ರದಲ್ಲಿ ದರ್ಶನ್ ರಾಯಣ್ಣನ ಪಾತ್ರವನ್ನೂ ಜಯಪ್ರದಾ ಚೆನ್ನಮ್ಮನ ಪಾತ್ರವನ್ನೂ ನಿರ್ವಹಿಸಿದರು. ಇದರ ಕಾದಾಟದ ದೃಶ್ಯಗಳಲ್ಲಿ ರಾಯಣ್ಣ ಲಾವಣಿಯ ವೀರನಿಗಿಂತ ಸೂಪರ್‌ಹೀರೋಗೆ ಹತ್ತಿರವಾಗಿದ್ದಾನೆ.

ಸಂಶೋಧನೆಯ ಕ್ಷೇತ್ರದಲ್ಲಿ ಸದಾಶಿವ ಒಡೆಯರ್ ರಾಣಿ ಚೆನ್ನಮ್ಮನ ಜೀವನಚರಿತ್ರೆಯನ್ನು ರಚಿಸಿದ್ದಾರೆ. ಎಂ. ಎಂ. ಕಲಬುರ್ಗಿಯವರು ಕಿತ್ತೂರು ಸಂಸ್ಥಾನಕ್ಕೆ ಸಂಬಂಧಿಸಿದ ಸಾಹಿತ್ಯವನ್ನು ಸಂಪಾದಿಸಿದ್ದಾರೆ.

ಸಾರ್ವಜನಿಕ ಸ್ಮರಣೆಯೂ ವಿಸ್ತಾರಗೊಂಡಿದೆ. ಸಂಸತ್ತಿನ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆಯನ್ನು 2007ರ ಸೆಪ್ಟೆಂಬರ್ 11ರಂದು ಅನಾವರಣಗೊಳಿಸಲಾಯಿತು. ಬೆಳಗಾವಿಯಲ್ಲಿ 2010ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ಅವಳ ಹೆಸರಿದೆ. ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿಡಲಾಗಿದ್ದು, ಬೆಳಗಾವಿಯ ಕಡೆಗೆ ಹೋಗುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಆ ನಗರದಿಂದಲೇ ಹೊರಡುತ್ತದೆ. ಸಂಗೊಳ್ಳಿಯಲ್ಲಿ ರಾಯಣ್ಣನ ಹೆಸರಿನ ಸೈನಿಕ ಶಾಲೆಯೂ ಅವನ ಜೀವನವನ್ನು ಶಿಲ್ಪಗಳಲ್ಲಿ ತೋರಿಸುವ ಉದ್ಯಾನವೂ ಇವೆ. ಥ್ಯಾಕರೆ ಸತ್ತ ಅಕ್ಟೋಬರ್ 23ರ ನೆನಪಿನಲ್ಲಿ ಪ್ರತಿವರ್ಷ ಕಿತ್ತೂರು ಉತ್ಸವ ನಡೆಯುತ್ತದೆ. 2024ರಲ್ಲಿ ಆ ವಿಜಯಕ್ಕೆ 200 ವರ್ಷ ತುಂಬಿತು.